ಕಳಸಗಿತ್ತಿ ಎಲ್ಲಿ ಕುಂಡ್ರತಾಳ?

ನಮ್ಮ ಕಾಕಾ ಜೀವಮಾನದಲ್ಲಿ ಯಾರನ್ನೂ ಓವರ್‌ಟೇಕ್ ಮಾಡಿದವರಲ್ಲ. ತಪ್ಪಾಯಿತು, ಒಮ್ಮೆ ಮಾಡಿದ್ದಾರೆ. ಸೊರಟೂರಿನ ಹತ್ತಿರ ಪಂಕ್ಚರ್ ಆಗಿ ನಿಂತಿದ್ದ ಒಂದು ಟ್ರ್ಯಾಕ್ಟರನ್ನು! ಅದನ್ನೂ ಸುಮ್ಮನೆ ದಾಟಲಿಲ್ಲ. ಗಾಡಿ ನಿಲ್ಲಿಸಿ, ಕೆಳಗಿಳಿದು ಹೋಗಿ, ಟ್ರ್ಯಾಕ್ಟರಿನವನಿಗೆ "ಮುಂದ ಹೋಗಲೇನಪಾ, ಏನೂ ತಿಳಕೋಬ್ಯಾಡ" ಎಂದು ಹೇಳಿ, ಅವನ ಒಪ್ಪಿಗೆ ಪಡೆದ ಮೇಲೆಯೇ ದಾಟಿದರು. ಇಂಥ ಮನುಷ್ಯರನ್ನು ಒಂದು ಕೆಂಪು ಸ್ಪೋರ್ಟ್ಸ್ ಕಾರಿನ ಮುಂದೆ ನಿಲ್ಲಿಸಿ ನಾನು ಮಾಡಿದ ಘನಕಾರ್ಯವೊಂದಿದೆ. ಅದನ್ನು ಹೇಳದೆ ನನಗೆ ಸಮಾಧಾನವಿಲ್ಲ. ಮೊದಲು ಅವರನ್ನು ನೋಡಿ ನಗಿರಿ. ನನ್ನ ಪಾಳಿ ಬಂದಾಗ ಏನು ಮಾಡುತ್ತೀರೋ ಅದು ನಿಮಗೆ ಬಿಟ್ಟದ್ದು.

ಕಾಕಾ ಎಂದರೆ ನನ್ನ ತಂದೆಯ ತಮ್ಮ. ಲಕ್ಷ್ಮೇಶ್ವರದ ಬಜಾರದಲ್ಲಿ ಪಾತ್ರೆ ಅಂಗಡಿ. ಮಾರುವುದೂ ಉಂಟು, ಮದುವೆ ಮುಂಜಿಗಳಿಗೆ ದೊಡ್ಡ ಪಾತ್ರೆಗಳನ್ನು ಬಾಡಿಗೆಗೆ ಕೊಡುವುದೂ ಉಂಟು. ವಯಸ್ಸು ಎಪ್ಪತ್ತನಾಲ್ಕು. ಅವರ ಕಾರಿಗೆ ಇಪ್ಪತ್ತೆರಡು. ಹಿಂದೆ ಡಿಕ್ಕಿ ಇರುವ ಸಣ್ಣ ಕಾರು ಅದು, ಒಂದು ಕಾಲಕ್ಕೆ ಬಿಳಿಯದಾಗಿತ್ತು. ಈಗಿನ ಬಣ್ಣಕ್ಕೆ ಕನ್ನಡದಲ್ಲಿ ಹೆಸರಿಲ್ಲ, ತಣ್ಣಗಾದ ಚಹದ ಮೇಲಿನ ಕೆನೆಯನ್ನು ನೆನೆಸಿಕೊಳ್ಳಿ. ಹದಿನೈದು ವರ್ಷ ತುಂಬಿದಾಗ ಎಲ್ಲರೂ ಅದನ್ನು ಗುಜರಿಗೆ ಹಾಕಿ ಎಂದರು. ಕಾಕಾ ಅದಕ್ಕೆ ಮೈ ತೊಳೆಸಿ, ಹೂವಿನ ಹಾರ ಹಾಕಿ, ಆರ್‌ಟಿಒ ಕಚೇರಿಗೆ ಒಯ್ದು ಐದು ವರ್ಷದ ಆಯುಷ್ಯ ಬರೆಸಿಕೊಂಡು ಬಂದರು. ಐದು ಮುಗಿದಾಗ ಮತ್ತೆ ಐದು. ತಮ್ಮ ಬಿಪಿ ತೋರಿಸಲು ಮಾತ್ರ ಅವರು ಈವರೆಗೆ ಯಾವ ಡಾಕ್ಟರ ಹತ್ತಿರವೂ ಹೋಗಿಲ್ಲ.

ಈ ಕಾರಿನ ಗುಣಗಳನ್ನು ಹೇಳುತ್ತಾ ಹೋದರೆ ಹೊತ್ತು ಸಾಲದು. ಎಡಕ್ಕೆ ತಿರುಗಿಸಿದರೆ ಹಾರ್ನ್ ತಾನೇ ಹೊಡೆದುಕೊಳ್ಳುತ್ತದೆ. ಬಲಕ್ಕೆ ತಿರುಗಿಸಿದರೆ ಒತ್ತಿದರೂ ಹೊಡೆಯುವುದಿಲ್ಲ. ಎಡಗಡೆಯ ಹಿಂಬಾಗಿಲು ಒಳಗಿನಿಂದ ತೆಗೆಯಲು ಬರುವುದಿಲ್ಲ. ಕಾಕಾ ಇಳಿದು, ಗಾಡಿ ಸುತ್ತು ಹಾಕಿ ಬಂದು, ಹೊರಗಿನಿಂದ ತೆಗೆಯುವವರೆಗೂ ಕೂತವರು ಕೂತೇ ಇರಬೇಕು. ಮೆಕ್ಯಾನಿಕ್ ಒಬ್ಬ ಅರ್ಧ ತಾಸಿನಲ್ಲಿ ಸರಿ ಮಾಡಿಕೊಡುತ್ತೇನೆಂದರೆ ಕಾಕಾ ಒಪ್ಪಲಿಲ್ಲ.

"ಇರಲಿ ಬಿಡೋ," ಎಂದರು. "ಮಂದಿ ಗಾಡಿ ನಿಂದ್ರೂದ ತಡ, ಬಾಗಲಾ ಬಡದು ಹೊಕ್ಕಾರ. ಇದಾದ್ರ ನಾ ಹೋಗಿ ತಗೀಬೇಕು. ಇಳಿಯೋರ ಮಾರಿ ಒಮ್ಮಿ ನೋಡಿ ಕಳಿಸಿದಂಗ ಆಕ್ಕೈತಿ."

ನಾನು ಗದಗಿನ ಒಂದು ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಕಲಿಸುತ್ತೇನೆ. ನಮ್ಮ ಕಾಲೇಜಿನ ಗೇಟು ಎಂಥ ಅಯೋಗ್ಯ ದಿಕ್ಕಿನಲ್ಲಿದೆ ಎಂದರೆ ಅದಕ್ಕೆ ಎಡಕ್ಕೇ ತಿರುಗಬೇಕು! ಕಾಕಿ ಮಾಡಿಕೊಟ್ಟ ಖಡಕ್ ರೊಟ್ಟಿಯ ಗಂಟು ಹಿಡಿದು ಕಾಕಾ ಬಂದರೆಂದರೆ ಮೂರು ಮಹಡಿಯ ಹುಡುಗರೂ ಕಿಟಕಿಗೆ ಬರುತ್ತಿದ್ದರು. "ಸರ್, ನಿಮ್ಮ ಕಾಕಾರು ಬಂದ್ರು" ಎಂದು ಒಂದು ಮೂಲೆಯಿಂದ ಶುರುವಾದರೆ ಇಡೀ ತರಗತಿ ನಗುತ್ತಿತ್ತು. ನಾನೂ ನಗುತ್ತಿದ್ದೆ, ಆದರೆ ನನ್ನ ಕಿವಿ ಬಿಸಿಯಾಗುತ್ತಿದ್ದವು. ಒಂದು ದಿನ ಕಾಕಾಗೆ, "ಗಾಡಿ ಹಿಂದಿನ ಓಣ್ಯಾಗ ಹಚ್ಚಿ ನಡಕೋತ ಬರ್ರಿ, ಇಲ್ಲೆ ಪಾರ್ಕಿಂಗ್ ಇಲ್ಲ" ಎಂದು ಹೇಳಿದೆ. ನಮ್ಮ ಕಾಲೇಜಿನ ಮೈದಾನದಲ್ಲಿ ಇನ್ನೂರು ಕಾರು ನಿಲ್ಲುತ್ತವೆ. ಕಾಕಾ ಅದನ್ನು ಕಣ್ಣಾರೆ ನೋಡಿದ್ದರು. "ಆತು" ಎಂದರು, ಅಂದಿನಿಂದ ಹಿಂದಿನ ಓಣಿಯಲ್ಲೇ ನಿಲ್ಲಿಸಿ ರೊಟ್ಟಿಯ ಗಂಟು ಹೊತ್ತು ನಡೆದು ಬರತೊಡಗಿದರು.

ಹೀಗೆ ಸಣ್ಣದರಲ್ಲಿ ರೂಢಿ ಮಾಡಿಕೊಂಡವನು ನಾನು. ದೊಡ್ಡದಕ್ಕೆ ಕೈ ಹಾಕಿದ್ದು ಮಗಳ ಮದುವೆ ಗೊತ್ತಾದಾಗ.

ಬೀಗರು ಮುಂಡರಗಿಯವರು. ದೊಡ್ಡ ವ್ಯಾಪಾರಸ್ಥರು, ಸಜ್ಜನರು. ಅವರಿಗೆ ಇರುವುದು ಒಂದೇ ಒಂದು ಚಟ, ಹಳೆಯ ವಿಲಾಯಿತಿ ಸ್ಪೋರ್ಟ್ಸ್ ಕಾರು. ಐವತ್ತು ವರ್ಷಕ್ಕೂ ಹಳೆಯದು, ಆದರೆ ಮದುಮಗನಂತೆ ಮಿರಮಿರ ಮಿಂಚುತ್ತದೆ. ಕುಂಕುಮದ ಕೆಂಪು. ಎರಡೇ ಸೀಟು, ಮಡಚಿ ಹಿಂದಕ್ಕೆ ಸರಿಸುವ ಬಟ್ಟೆಯ ಟಾಪು. ನೆಲದಿಂದ ಒಂದು ಗೇಣು ಎತ್ತರವಿದ್ದರೆ ಹೆಚ್ಚು. ಅದರ ಒಂದು ಬೋಲ್ಟು ಕಳೆದರೂ ಇಂಗ್ಲೆಂಡಿನಿಂದ ಪಾರ್ಸೆಲ್ ಬರಬೇಕಂತೆ. ಮಾತುಕತೆ ಗಟ್ಟಿಯಾಗಿ ಸಕ್ಕರೆ ಹಂಚುವ ದಿನ ಬೀಗರು ತಮ್ಮ ಹೆಂಡತಿಯನ್ನು ಪಕ್ಕಕ್ಕೆ ಕೂರಿಸಿಕೊಂಡು ಅದೇ ಕಾರಿನಲ್ಲಿ ಗದಗಿಗೆ ಬಂದರು. ಉಳಿದವರು ಹಿಂದೆ ಬೇರೆ ಗಾಡಿಯಲ್ಲಿ. ನಮ್ಮ ಓಣಿಯ ಜನ ಕೆಲಸ ಬಿಟ್ಟು ಹೊರಗೆ ಬಂದರು. ನನ್ನ ಎದೆ ಎರಡು ಇಂಚು ಉಬ್ಬಿತು.

ಉಬ್ಬಿದ ಎದೆ ಕೂಡಲೇ ಇಳಿಯಿತು. ಆ ಕೆಂಪು ಕಾರಿನ ಎದುರಿಗೇ, ನಮ್ಮ ಗೇಟಿಗೆ ಆತುಕೊಂಡು, ಕಾಕಾನ ಕಾರು ನಿಂತಿತ್ತು. ಡಿಕ್ಕಿ ಬಾಯಿ ತೆರೆದಿತ್ತು, ಅದರಲ್ಲಿ ಅಡಿಗೆಯ ಎರಡು ದೊಡ್ಡ ಪಾತೇಲಿ. ಅಂದಿನ ಊಟಕ್ಕೆಂದು ಲಕ್ಷ್ಮೇಶ್ವರದಿಂದ ಶಿರಹಟ್ಟಿಯ ಮೇಲೆ ಹಾಯ್ದು, ಅಲ್ಲಿ ಗಾಡಿಗೆ ನೀರು ಕುಡಿಸಿ, ತಾವು ಚಹ ಕುಡಿದು, ಎರಡು ತಾಸು ಪ್ರಯಾಣ ಮಾಡಿ ತಂದವು. ಕಾಕಾ ತಲೆಗೆ ಟವೆಲ್ ಸುತ್ತಿಕೊಂಡು, ಕೈಯಲ್ಲಿ ಮಾರುದ್ದದ ಸೌಟು ಹಿಡಿದು ನಿಂತಿದ್ದರು. ಇಸ್ತ್ರಿ ಮಾಡಿದ ಧೋತರ, ಜರಿ ರುಮಾಲು ಒಳಗಿನ ಗೂಟಕ್ಕೆ ತೂಗು ಹಾಕಿದ್ದವು. ನಮ್ಮ ಮನೆಯ ಹಿರಿಯರಾಗಿ ಅವರೇ ಸಕ್ಕರೆ ಹಂಚುವವರಿದ್ದರು. ಬೀಗರು ಅವರನ್ನು ಅದುವರೆಗೆ ನೋಡಿರಲಿಲ್ಲ. ಪಾತೇಲಿ ಇಳಿಸಿ, ಕೈಕಾಲು ತೊಳೆದು, ಬಟ್ಟೆ ಬದಲಿಸುವುದಷ್ಟೇ ಬಾಕಿ.

ಬೀಗರು ಕಾರಿನಿಂದ ಎದ್ದು ಬಂದು ಬಿಳಿಯ ಗಾಡಿಯ ಕಡೆ ನೋಡಿ ನಕ್ಕು ಕೇಳಿದರು. "ಇದು ಯಾರ ಗಾಡಿರಿ?"

ಅವರ ನಗುವಿನಲ್ಲಿ ಕೊಂಕಿತ್ತೇ? ಇರಲಿಲ್ಲ. ಹಳೆಯ ಗಾಡಿ ಕಂಡರೆ ಅವರಿಗೆ ಅಕ್ಕರೆ, ಅದಕ್ಕೆ ನಕ್ಕಿದ್ದರು. ಅದು ನನಗೆ ಗೊತ್ತಾದದ್ದು ಬಹಳ ತಡವಾಗಿ. ಆ ಕ್ಷಣಕ್ಕೆ ನನ್ನ ಕಿವಿ ಬಿಸಿಯಾದವು, ನಾಲಿಗೆ ತಾನೇ ಹೊರಳಿತು.

"ಅದಾ... ಅಡಿಗಿಯವರದ್ರಿ."

ಕಾಕಾ ಅಲ್ಲಿಂದ ನಾಲ್ಕು ಹೆಜ್ಜೆ ದೂರದಲ್ಲಿದ್ದರು. ಅವರಿಗೆ ಕಿವುಡು ಇದೆ ಎಂದು ನೀವು ನನ್ನ ಸಲುವಾಗಿ ಹಾರೈಸುತ್ತಿರಬಹುದು. ಇಲ್ಲ. ಅಂಗಡಿಯ ಒಳಗೆ ಕೂತು ಹೊರಗೆ ಬಿದ್ದ ಲೋಟ ಹಿತ್ತಾಳೆಯದೋ ತಾಮ್ರದ್ದೋ ಎಂದು ಸಪ್ಪಳದ ಮೇಲೆ ಹೇಳುವ ಮನುಷ್ಯ ಅವರು. ನನ್ನ ಮುಖ ನೋಡಿದರು. ಆಮೇಲೆ ಸೌಟನ್ನು ಎಡಗೈಗೆ ಬದಲಿಸಿಕೊಂಡು ಬೀಗರಿಗೆ ಕೈ ಎತ್ತಿ ನಮಸ್ಕಾರ ಮಾಡಿದರು.

"ಹೌದ್ರಿ ಸಾಹೇಬ್ರ. ಅಡಿಗಿಯವ ನಾನ. ಲಗ್ನದ ಅಡಿಗಿನೂ ನಂದ. ನಿಮ್ಮ ಕಡೆ ಖಾರ ಹೆಂಗ ಬೇಕ್ರಿ, ಮುಂದಾಗೋ ಹಿಂದಾಗೋ?"

ಎಪ್ಪತ್ತನಾಲ್ಕು ವರ್ಷ ಸುಳ್ಳು ಹೇಳದೆ ಬಾಳಿದವರು ಅಂದು ಮೊದಲ ಸುಳ್ಳನ್ನು ನನಗಾಗಿ ಹೇಳಿದರು. "ಅಲ್ಲರಿ, ಇವರು ನಮ್ಮ ಕಾಕಾ" ಎನ್ನಲು ಎಷ್ಟು ಹೊತ್ತು ಬೇಕಿತ್ತು? ಲೆಕ್ಕ ಕಲಿಸುವ ನಾನು ಇದನ್ನು ಎಷ್ಟು ಸಲ ಲೆಕ್ಕ ಹಾಕಿದ್ದೇನೋ ತಿಳಿಯದು.

ಬೀಗರಿಗೆ ಈ ಅಡಿಗೆಯವರು ಬಹಳ ಹಿಡಿಸಿಬಿಟ್ಟರು. ಕೈ ಹಿಡಿದು ತಮ್ಮ ಕಾರಿನ ಸುತ್ತ ಕರೆದೊಯ್ದರು. ಕಾಕಾ ಸೊಂಟಕ್ಕೆ ಕೈಕೊಟ್ಟು ಬಗ್ಗಿ ಒಳಗೆ ಇಣುಕಿದರು.

"ಇದಕ್ಕ ಹತ್ತಬೇಕೋ, ಇಳೀಬೇಕೋರಿ?"

"ಇಳಿಯೂದರಿ ಅಜ್ಜಾರ. ಬಾವಿಗೆ ಇಳದಂಗ," ಎಂದು ಬೀಗರು ನಕ್ಕರು. "ನಿಮ್ಮ ಗಾಡಿ ಎಷ್ಟರಾಗ ಓಡತೈತಿ?"

"ಓಡೂದಿಲ್ರಿ ಅದು. ನಡೀತೈತಿ. ನಿಮ್ಮದು?"

"ನೂರಾ ಅರವತ್ತು ಹೊಕ್ಕೈತಿ."

"ಎಲ್ಲಿಗೆ?" ಎಂದರು ಕಾಕಾ.

ಬೀಗರು ಒಂದು ಕ್ಷಣ ಯೋಚಿಸಿದರು. ಮುಂಡರಗಿಯಿಂದ ಗದಗಿಗೆ ನೂರಾ ಅರವತ್ತರಲ್ಲಿ ಹೋಗುವಂಥ ಅವಸರದ ಕೆಲಸ ಅವರಿಗೂ ನೆನಪಾಗಲಿಲ್ಲ. ಕಾಕಾ ಮುಂದುವರಿದರು. ಡಿಕ್ಕಿಯಲ್ಲಿ ಎಷ್ಟು ಪಾತೇಲಿ ಹಿಡಿಯುತ್ತವೆ? ಒಂದೂ ಇಲ್ಲ. ಮಳೆ ಬಂದರೆ? ಇಳಿದು ಟಾಪು ಹಾಕಬೇಕು. ಮೊಣಕಾಲು ನೋವಿರುವ ಮುದುಕಿ ಹತ್ತಬಹುದೇ? ಹತ್ತಬಹುದು, ಆದರೆ ಮೂರು ಜನ ಎಬ್ಬಿಸಬೇಕು. ಪ್ರತಿ ಪ್ರಶ್ನೆಯಲ್ಲೂ ಬಿಳಿಯ ಗಾಡಿ ಗೆಲ್ಲುತ್ತಿತ್ತು, ಆದರೂ ಕೊನೆಗೆ ಕಾಕಾ ತಲೆಯ ಟವೆಲ್ ಬಿಚ್ಚಿ ಕೆಂಪು ಬಾನೆಟ್ಟಿನ ಮೇಲೆ ಕೂತಿದ್ದ ದಾರಿಯ ಧೂಳನ್ನು ಮೆಲ್ಲಗೆ ಒರೆಸಿದರು. "ಚೆಂದ ಐತ್ರಿ. ಖರೆನ ಚೆಂದ ಐತಿ. ನಂದು ಉಪಯೋಗದ್ದು, ನಿಮ್ಮದು ನೋಡೂವಂಥಾದ್ದು. ಮನಿಯಾಗ ಎರಡೂ ಬೇಕು."

ಬೀಗರಿಗೆ ಹುರುಪು ಬಂತು. ಮದುವೆಯ ದಿನ ಸೊಸೆಯನ್ನು ಇದೇ ಕಾರಿನಲ್ಲಿ ತಾವೇ ಕಲ್ಯಾಣ ಮಂಟಪಕ್ಕೆ ಕರೆದುಕೊಂಡು ಹೋಗುತ್ತೇನೆಂದರು. ನಾನು ಕುಣಿಯುವುದೊಂದೇ ಬಾಕಿ. ನಮ್ಮ ಮನೆತನದಲ್ಲಿ ಇಪ್ಪತ್ತೆರಡು ವರ್ಷದಿಂದ ಯಾವ ಮದುಮಗಳು ಮಂಟಪಕ್ಕೆ ಹೋದರೂ ಕಾಕಾನ ಗಾಡಿಯಲ್ಲೇ. ನನ್ನ ಮಗಳಾದರೂ ಅದರಿಂದ ಪಾರಾದಳಲ್ಲ ಎಂದು ಹಿಗ್ಗಿದೆ.

ಕಾಕಾ ಸೌಟಿನ ಹಿಡಿಯಿಂದ ಕೆನ್ನೆ ತುರಿಸಿಕೊಂಡರು. "ಅಲ್ರಿ, ಕಳಸಗಿತ್ತಿ ಎಲ್ಲಿ ಕುಂಡ್ರತಾಳ?"

ನಮ್ಮಲ್ಲಿ ಮದುಮಗಳು ಒಬ್ಬಳೇ ಹೊರಡುವಂತಿಲ್ಲ. ನೀರು ತುಂಬಿದ ಕಳಸ ಹಿಡಿದ ಕಳಸಗಿತ್ತಿ ಮನೆಯ ಹೊಸ್ತಿಲಿನಿಂದ ಮಂಟಪದವರೆಗೆ ಅವಳ ಮಗ್ಗುಲಿಗೇ ಇರಬೇಕು. ಇದು ಸಣ್ಣ ಹುಡುಗರಿಗೂ ಗೊತ್ತು. ನನಗೆ ಗೊತ್ತಿರಲಿಲ್ಲವೇ? ಆದರೆ ಆಗ ನನ್ನ ಕಣ್ಣ ತುಂಬ ಕೆಂಪು ಬಣ್ಣ.

"ಅದನ್ನೆಲ್ಲ ನಾವು ನೋಡಕೊಂತೀವಿ," ಎಂದೆ. "ನೀವು ಒಳಗ ನಡೀರಿ, ಅಡಿಗಿ ನೋಡ್ರಿ."

ಕಾಕಾ ಒಳಗೆ ಹೋದರು. ಅಂದು ಸಕ್ಕರೆ ಹಂಚಿದವನು ನಾನು. ಇಸ್ತ್ರಿಯ ಧೋತರ ಗೂಟದಲ್ಲೇ ತೂಗುತ್ತಿತ್ತು. ಕಾಕಾ ಅಡಿಗೆಮನೆಯ ಮೂಲೆಯಲ್ಲಿ ಕೂತು ಊಟ ಮಾಡಿದರು, ಹೋಗುವಾಗ ಒಳಗಿದ್ದ ಹೆಂಗಸರಿಗೆಲ್ಲ ಯಾರೂ ತುಟಿ ಬಿಚ್ಚಬಾರದೆಂದು ತಾಕೀತು ಮಾಡಿದರು. ಸಂಜೆ ನನ್ನ ಹೆಂಡತಿ ತಾಂಬೂಲದ ತಟ್ಟೆಗಳನ್ನು ಎತ್ತಿಡುತ್ತಾ ಒಂದೇ ಮಾತು ಕೇಳಿದಳು. "ನಾಳೆ ನನ್ನ ಸೀರಿ ಹಳೇದಾಗಿತ್ತಂದ್ರ, ನನಗ ಭಾಂಡೆ ತಿಕ್ಕಾಕಿ ಅಂತ ಹೇಳ್ತೀರೇನು?"

ಮರುದಿನವೇ ಕಾಕಾಗೆ ಫೋನ್ ಮಾಡಿ, ಬೀಗರಿಗೆ ನಿಜ ಹೇಳಿಬಿಡುತ್ತೇನೆಂದೆ.

"ಹುಚ್ಚ ಇದ್ದೀಯೇನು?" ಎಂದರು. "ಈಗ ಹೇಳಿದ್ರ ಹೆಣ್ಣಿನ ಅಪ್ಪ ಸುಳ್ಳಬುರುಕ ಅಂದಂಗ ಆತು. ಹುಡುಗಿ ಆ ಮನಿಯಾಗ ಬಾಳೇ ಮಾಡಬೇಕೋ ಬ್ಯಾಡೋ? ಲಗ್ನ ಆಗೂ ತನಕ ನಾ ಅಡಿಗಿಯವನ. ನೀ ಸುಮ್ಮನಿರು."

ನಾಚಿಕೆಯಿಲ್ಲದವನು ನಾನು, ಒಳಗೊಳಗೆ ಹಗುರಾದೆ. ಆದರೆ ಬೀಗರು ಸುಮ್ಮನಿರಬೇಕಲ್ಲ! ಅವರು ಕಾಕಾನ ನಂಬರ್ ಇಸಿದುಕೊಂಡು ಹೋಗಿದ್ದರು. ಎಣಗಾಯಿಗೆ ಗುರೆಳ್ಳು ಎಷ್ಟು ಹಾಕಬೇಕು, ಹೋಳಿಗೆ ಹರಿಯದಂತೆ ಕಣಕ ಹೇಗೆ ನಾದಬೇಕು ಎಂದು ವಾರಕ್ಕೊಮ್ಮೆ ಫೋನ್ ಬರತೊಡಗಿತು. ಕಾಕಾ ಫೋನಿಗೆ ಕೈ ಅಡ್ಡ ಹಿಡಿದು ಕಾಕಿಯನ್ನು ಕೇಳುವುದು, ಕಾಕಿ ಹೇಳಿದ್ದನ್ನು ಇವರು ಗಂಭೀರವಾಗಿ ಒಪ್ಪಿಸುವುದು. ಕಾಕಿ ನನಗೆ ದೂರು ಹೇಳಿದರು. "ಐವತ್ತ ವರ್ಷ ಆತು ನನ್ನ ಲಗ್ನಾಗಿ. ಒಮ್ಮಿ ಚಾ ಕಾಸಿ ಕುಡದವರಲ್ಲ. ಈಗ ನೋಡಪಾ, ಫೋನಿನ್ಯಾಗ ಎಣಗಾಯಿ ಮಾಡಾಕತ್ಯಾರ."

ಆಮೇಲೆ ಇನ್ನೊಂದು ಖಬರು ಬಂತು. ಕಾಕಾ ವಾರದಲ್ಲಿ ಎರಡು ದಿನ ಅಂಗಡಿ ಮುಚ್ಚಿ ಗಾಡಿ ತೆಗೆದುಕೊಂಡು ಎಲ್ಲಿಗೋ ಹೋಗುತ್ತಾರೆ, ಬರುವಾಗ ಮೈತುಂಬ ಹೊಗೆಯ ವಾಸನೆ. ಕಾಕಿ ಕೇಳಿದರೆ "ಕೆಲಸ ಐತಿ" ಎಂದಷ್ಟೇ ಹೇಳುತ್ತಾರಂತೆ. ವಯಸ್ಸಾಯಿತು, ಏನೋ ಹೊಸ ಹುಚ್ಚು ಎಂದು ನಾನು ಕೈಬಿಟ್ಟೆ. ಮದುವೆಯ ಗಡಿಬಿಡಿಯಲ್ಲಿ ನಾಲ್ಕು ತಿಂಗಳು ಹೇಗೆ ಹೋದವೋ.

ಮದುವೆಯ ದಿನ ಬೆಳಿಗ್ಗೆ ಬೀಗರು ರುಮಾಲು ಸುತ್ತಿಕೊಂಡು, ಕೆಂಪು ಕಾರಿಗೆ ಮಲ್ಲಿಗೆಯ ದಂಡೆ ಹಾಕಿಕೊಂಡು ನಮ್ಮ ಬಾಗಿಲಿಗೆ ಬಂದರು. ವಾಲಗದವರು ಊದಿದರು. ಮಗಳು ಸೀರೆ, ದಂಡೆ, ಬಾಸಿಂಗ ಎಲ್ಲ ಸಂಭಾಳಿಸುತ್ತಾ, ಇಬ್ಬರ ಹೆಗಲ ಮೇಲೆ ಕೈಯಿಟ್ಟು ಆ ಕಾರಿಗೆ ಇಳಿದಳು. ಬೀಗರು ಸ್ಟೇರಿಂಗ್ ಹಿಡಿದರು. ಅಷ್ಟಕ್ಕೆ ಕಾರು ತುಂಬಿತು.

ಕಳಸಗಿತ್ತಿ ಕಳಸ ಹಿಡಿದು ಹೊರಗೆ ನಿಂತಿದ್ದಳು. ಅವಳು ನನ್ನ ತಂಗಿಯ ಮಗಳು, ಬಿಕಾಂ ಓದುವವಳು, ತುಂಬು ಮೈಯವಳು. ಕಳಸದ ತುಂಬ ನೀರು, ಮೇಲೆ ವೀಳ್ಯದೆಲೆ, ತೆಂಗಿನಕಾಯಿ. ಅವಳು ಕಾರಿನ ಆ ಕಡೆ ಹೋದಳು, ಈ ಕಡೆ ಬಂದಳು. ತೊಡೆಯ ಮೇಲೆ ಕೂರಿಸೋಣ ಎಂದರು ಒಬ್ಬರು. ಮದುಮಗಳು ಬದುಕಬೇಕಲ್ಲ? ಹಿಂದಿನ ಮಡಚಿದ ಟಾಪಿನ ಮೇಲೆ ಕೂರಲಿ ಎಂದರು ಇನ್ನೊಬ್ಬರು. ಚುನಾವಣೆಗೆ ನಿಂತಂತೆ ಕಾಣುತ್ತದೆಂದು ಅವಳೇ ಒಪ್ಪಲಿಲ್ಲ. ಮದುವೆ ಮಾಡಿಸುವ ಅಯ್ಯನವರು ಗಡಿಯಾರ ನೋಡಿಕೊಂಡು, "ಕಳಸಗಿತ್ತಿ ಇಲ್ಲದ ಮದಿಮಗಳು ಮನಿ ಬಿಟ್ಟು ಹೊಂಡಂಗಿಲ್ರಿ" ಎಂದರು. ಉಳಿದ ಗಾಡಿಗಳೆಲ್ಲ ನೆಂಟರನ್ನು ತುಂಬಿಕೊಂಡು ಮಂಟಪಕ್ಕೆ ಹೋಗಿಯಾಗಿತ್ತು. ಎಲ್ಲರೂ ನನ್ನ ಮುಖ ನೋಡಿದರು. ಅದನ್ನೆಲ್ಲ ನಾವು ನೋಡಿಕೊಳ್ಳುತ್ತೇವೆ ಎಂದಿದ್ದವನು ನಾನೇ ತಾನೆ?

ಆಗ ಮಗಳು ಕಾರಿನಿಂದ ಎದ್ದು ನಿಂತಳು. ಕಣ್ಣಲ್ಲಿ ನೀರಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು. "ಅಪ್ಪಾ, ನಮ್ಮ ಅಜ್ಜನ ಗಾಡಿ ತರಸ್ರಿ. ನಾ ಅದರಾಗ ಹೊಕ್ಕೀನಿ."

ಬೀಗರು ಕೇಳಿದರು. "ಯಾವ ಅಜ್ಜಾವಾ?"

ಅವಳು ನನ್ನ ಕಡೆ ನೋಡಿದಳು. ಅದು ನನ್ನ ಪಾಲಿನ ಉತ್ತರವೆಂದು ಅವಳಿಗೆ ಗೊತ್ತಿತ್ತು. ನಾನು ಬದಿಗೆ ಸರಿದು ಕಾಕಾಗೆ ಫೋನ್ ಹಚ್ಚಿದೆ. ಅವರು ಬೆಳಗಿನ ಜಾವದಿಂದ ಮಂಟಪದ ಹಿಂದಿನ ಅಡಿಗೆ ಕೋಣೆಯಲ್ಲಿದ್ದರು, ಅಡಿಗೆಯವರ ವೇಷ ಕಾಯ್ದುಕೊಳ್ಳಲು ಎಂದು ನಾನು ತಿಳಿದಿದ್ದೆ. "ಬಂದೆ" ಎಂದರು, ಏಕೆಂದು ಕೇಳಲಿಲ್ಲ.

ದೂರದ ತಿರುವಿನಲ್ಲಿ ಹಾರ್ನ್ ತಾನೇ ಹೊಡೆದುಕೊಂಡಾಗ ಇಡೀ ಓಣಿ ನಿಟ್ಟುಸಿರು ಬಿಟ್ಟಿತು. ಬೈಕಿನವರು, ಆಟೋದವರು, ಒಬ್ಬ ಸೈಕಲ್ಲಿನವನು ಕೂಡ ದಾಟಿ ಹೋಗುತ್ತಿರಲು ಕಾಕಾ ತಮ್ಮ ನಡಿಗೆಯಲ್ಲೇ ಬಂದರು. ತಲೆಗೆ ಟವೆಲ್, ತೋಳಿನವರೆಗೆ ಹಿಟ್ಟು. ಇಳಿದು, ಸುತ್ತು ಹಾಕಿ ಬಂದು, ಎಡಗಡೆಯ ಹಿಂಬಾಗಿಲು ತೆಗೆದರು.

ಒಳಗೆ ಸೀಟಿನ ಮೇಲೆ ಒಗೆದ ಬಿಳಿಯ ಮಡಿಬಟ್ಟೆ ಹಾಸಿತ್ತು. ಕಳಸಗಿತ್ತಿ ಕೂರುವ ಜಾಗದ ಪಕ್ಕದಲ್ಲಿ ಹೊಸ ಕುಬ್ಬಸದ ಕಣ ಸುತ್ತಿ ಮಾಡಿದ ಒಂದು ಸಿಂಬಿ, ಕಳಸ ಅಲುಗದಂತೆ ಇಡಲು. ಇಪ್ಪತ್ತೆರಡು ವರ್ಷ ಪ್ರತಿ ಮದುಮಗಳಿಗೂ ಅವರು ಇದನ್ನೇ ಮಾಡಿದ್ದರು. ಈ ಸಲ ಗಾಡಿ ಬೇಡ ಎಂದವರಿದ್ದರೂ, ಬೇಕಾಗುತ್ತದೆಂದು ಗೊತ್ತಿದ್ದು, ಯಾರಿಗೂ ಹೇಳದೆ ಹಾಸಿಟ್ಟಿದ್ದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಭೂಮಿ ಬಾಯಿ ಬಿಟ್ಟರೆ ಸಾಕು ಎನ್ನುವಂತಾಯಿತು.

"ಬೀಗರ," ಎಂದೆ. "ಇವರು ಅಡಿಗಿಯವರಲ್ಲರಿ. ನಮ್ಮ ಕಾಕಾ. ನಮ್ಮ ಅಪ್ಪನ ಒಡಹುಟ್ಟಿದ ತಮ್ಮ. ಅವತ್ತು ಈ ಗಾಡಿ ನಮ್ಮದಂತ ಹೇಳಾಕ ನನಗ ನಾಚಿಕಿ ಬಂತು. ಸುಳ್ಳ ಹೇಳಿದೆ."

ವಾಲಗ ನಿಂತಿತು. ಬೀಗರು ನನ್ನನ್ನು ನೋಡಿದರು, ಕಾಕಾನನ್ನು ನೋಡಿದರು. ಅವರು ಬಾಯಿ ತೆರೆಯುವ ಮೊದಲೇ ಕಾಕಾ ಟವೆಲಿಗೆ ಕೈ ಒರೆಸಿಕೊಳ್ಳುತ್ತಾ ಮುಂದೆ ಬಂದರು.

"ಕಾಕಾನೂ ಹೌದ್ರಿ, ಅಡಿಗಿಯವನೂ ಹೌದು. ಹುಡುಗ ಸುಳ್ಳ ಹೇಳಿಲ್ಲ. ಹಿರೇವಡ್ಡಟ್ಟಿಯೊಳಗ ಒಬ್ಬರು ಲಗ್ನದ ಅಡಿಗಿ ಮಾಡೋರು ಅದಾರ, ನಾಲ್ಕ ತಿಂಗಳಾತು ಅವರ ಕೈ ಕೆಳಗ ಕಲಿಯಾಕ ಹೊಂಟು. ಇವತ್ತಿನ ಗೋದಿ ಹುಗ್ಗಿ ನಾನ ಮಾಡೇನಿ. ಬೇಕಾದ್ರ ಉಂಡು ನೋಡ್ರಿ."

ಹೊಗೆಯ ವಾಸನೆ ಎಲ್ಲಿಯದೆಂದು ನನಗೆ ಆಗ ತಿಳಿಯಿತು. ನನ್ನ ಸುಳ್ಳು ಸುಳ್ಳಾಗಬಾರದೆಂದು ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಚಹ ಕಾಸಲು ಬಾರದ ಮನುಷ್ಯ, ಹೊಗೆಯಲ್ಲಿ ಕಣ್ಣು ಉಜ್ಜಿಕೊಳ್ಳುತ್ತಾ ಅಡಿಗೆ ಕಲಿತಿದ್ದರು.

ಬೀಗರು ಬಗ್ಗಿ ಕಾಕಾನ ಪಾದ ಮುಟ್ಟಿದರು. "ಹುಗ್ಗಿ ಮೊದಲ ನನಗ ಬಡಸಬೇಕ್ರಿ ಮತ್ತ," ಎಂದರು.

ಮಗಳೂ ಕಳಸಗಿತ್ತಿಯೂ ಬಿಳಿಯ ಗಾಡಿಯಲ್ಲಿ ಕೂತರು. ಕಳಸ ಸಿಂಬಿಯ ಮೇಲೆ ಕೂತಿತು. ಅಂದು ಗದಗಿನ ರಸ್ತೆಯಲ್ಲಿ ನೂರಾ ಅರವತ್ತು ಹೋಗುವ ಕೆಂಪು ಕಾರು ನಮ್ಮ ಕಾಕಾನ ಹಿಂದೆ ಗುರುಗುಟ್ಟುತ್ತಾ, ಮಂಟಪದವರೆಗೂ ಓವರ್‌ಟೇಕ್ ಮಾಡದೆ ಬಂತು. ಅಕ್ಷತೆಯ ಹೊತ್ತಿಗೆ ಕಾಕಾ ಜರಿ ರುಮಾಲು ಸುತ್ತಿಕೊಂಡು ಹಿರಿಯರ ಜಾಗದಲ್ಲಿ ನಿಂತಿದ್ದರು. ಹುಗ್ಗಿ ಸ್ವಲ್ಪ ತಳ ಹಿಡಿದಿತ್ತು. ಬೀಗರು ಮೂರು ಸಲ ಹಾಕಿಸಿಕೊಂಡರು. ನಾನೂ ಉಂಡೆ, ತಲೆ ಎತ್ತದೆ.

ಸಂಜೆ ಮಗಳನ್ನು ಕಳಿಸಿಕೊಟ್ಟ ಮೇಲೆ ಕಾಕಾ ನನ್ನನ್ನು ಮನೆಗೆ ಬಿಡಲು ಬಂದರು. ಮುಂದಿನ ಸೀಟಿನಲ್ಲಿ ಪಾತೇಲಿ ಕೂತಿತ್ತು, ನಾನು ಹಿಂದೆ ಎಡಗಡೆ ಕೂತೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿಕೊಳ್ಳುತ್ತಿದ್ದೆ. ಮನೆ ಬಂತು. ಒಳಗಿನಿಂದ ಬಾಗಿಲು ತೆಗೆಯಲು ಬರುವುದಿಲ್ಲವಲ್ಲ, ಕೂತೇ ಇದ್ದೆ. ಬೆಳಗಿನಿಂದ ಒಲೆಯ ಮುಂದೆ ನಿಂತ ಕಾಲು ಎಳೆಯುತ್ತಾ ಕಾಕಾ ಗಾಡಿಯ ಸುತ್ತು ಹಾಕಿ ಬಂದರು. ಬಾಗಿಲು ತೆಗೆದು, ಬಗ್ಗಿ, ನನ್ನ ಮುಖ ನೋಡಿದರು.

"ಕಾಕಾ, ತಪ್ಪಾತು," ಎಂದೆ.

"ಇಳಿಯೋ ತಮ್ಮಾ," ಎಂದರು. "ಹಿಂದ ಗಾಡಿ ನಿಂತಾವ."